ಚೌಕುಳಿ ಬಾಲದ ವಿಮಾನ

ಮೋಡದ ಮೇಲೆ ಯಾರೋ ಮರದ ಕಪಾಟು ಎಳೆದ ಸದ್ದು, ಅಲ್ಲ, ಕಪಾಟಲ್ಲ, ಮಧ್ಯಾಹ್ನದ ದುಬೈ ವಿಮಾನ, ಇವತ್ತೂ ತಡ, ಚಕ್ರ ಇಳಿಸಿದ ಮೇಲಿನ ಆ ಒರಟು ಗೊರಗೊರ ಸಾತ್ವಿಕಾಳಿಗೆ ನಿದ್ದೆಯಲ್ಲೂ ಗೊತ್ತಾಗುತ್ತದೆ, ಫಲ್ಗುಣಿ ಹೊಳೆಯ ಆಚೆ ಹಾದು ಬಜ್ಪೆಯ ಗುಡ್ಡದ ನೆತ್ತಿಗೆ ಇಳಿಯಲು ಹೊರಟಿದೆ, ಬೇರೆ ದಿನವಾಗಿದ್ದರೆ ಒಲೆಯ ಮೇಲೆ ಹಾಲಿದ್ದರೂ ಬಿಟ್ಟು ಕ್ಯಾಮೆರಾ ಹಿಡಿದು ತಾರಸಿಗೆ ಓಡುತ್ತಿದ್ದಳು, ಇವತ್ತು ಕುರ್ಚಿಯಿಂದ ಏಳಲಾಗಲಿಲ್ಲ, ಏಕೆಂದರೆ ಎದುರಿನ ಲ್ಯಾಪ್‌ಟಾಪಿನಲ್ಲಿ ಇನ್ನೊಂದು ವಿಮಾನ ನಿಂತಿದೆ, ಅದರ ಮೆಟ್ಟಿಲ ತುದಿಯಲ್ಲಿ ಅವಳ ಗಂಡ ನಿಂತಿದ್ದಾನೆ — ಶೋಧನ್, ಈ ಸಲ ರಜೆಯೇ ಸಿಗಲಿಲ್ಲವೆಂದು ಊರಿಗೆ ಬಾರದ ಶೋಧನ್. ಮುಖ ಕಾಣುವುದಿಲ್ಲ, ಕತ್ತು ಬಾಗಿಸಿದ್ದಾನೆ, ವಿಮಾನದ ಬಾಗಿಲು ಅವನಿಗಿಂತ ಎಷ್ಟೋ ಎತ್ತರ, ಆದರೂ ಬಾಗಿಸಿದ್ದಾನೆ, ಪೊಳಲಿಯ ಈ ಮನೆಯ ಅಡಿಗೆಕೋಣೆಯ ಬಾಗಿಲು ತಗ್ಗು, ಹುಡುಗನಾಗಿದ್ದಾಗ ಹಣೆ ಒಡೆದುಕೊಂಡವನು ಆಮೇಲೆ ಜಗತ್ತಿನ ಯಾವ ಬಾಗಿಲಿಗೂ ಕತ್ತು ಬಾಗಿಸದೆ ದಾಟಿದವನಲ್ಲ, ಮದುವೆ ಮಂಟಪದ ಕಮಾನಿಗೂ ಬಾಗಿಸಿದ್ದ, ಅವಳು ನಕ್ಕಿದ್ದಳು. ಕತ್ತು ಬಾಗಿಸುವವರು ಬೇರೆಯವರೂ ಇರಬಹುದಲ್ಲ ಎಂದು ಈಗಷ್ಟೇ ತನಗೆ ತಾನೇ ಹೇಳಿಕೊಂಡಳು, ಹೇಳಿಕೊಂಡು ಚಿತ್ರವನ್ನು ಇನ್ನೂ ಹಿಗ್ಗಿಸಿದಳು, ಹೆಗಲಿನ ಬ್ಯಾಗಿನ ಮೇಲೆ ನೀಲಿ ಕೊಕ್ಕರೆ, ಅವಳದೇ ಕುಂಚದ್ದು, ಒಂದು ಕಾಲು ಸ್ವಲ್ಪ ಸೊಟ್ಟ, ಬಟ್ಟೆಯ ಮೇಲೆ ಬಣ್ಣ ಹರಡಿ ಸೊಟ್ಟಗಾದ ಕಾಲು. ಅಂಥ ಕೊಕ್ಕರೆ ಇನ್ನೊಬ್ಬರ ಬಳಿ ಇರಲು ಸಾಧ್ಯವಿಲ್ಲ.

ನೋಡಲು ಹೊರಟದ್ದು ಮನುಷ್ಯರನ್ನಲ್ಲ, ದೇವರಾಣೆಗೂ ಅಲ್ಲ, ಬಾಗಿಲ ಸುತ್ತಲಿನ ಮೊಳೆಗಳ ಸಾಲು ಎಷ್ಟು ಕಪ್ಪಾಗಿದೆ ಎಂದು ನೋಡಬೇಕಿತ್ತು, ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವವರಿಗೆ ಅವಳು ಬಣ್ಣ ಹಾಕಿಕೊಡುತ್ತಾಳೆ, ಆಟದ ವಿಮಾನದ ಮೈಯನ್ನು ಸುಲಿದು ಚಪ್ಪಟೆಯಾಗಿ ಹರಡಿದ ಹಾಗೆ ಒಂದು ಖಾಲಿ ಬಿಳಿ ಹಾಳೆ ಪರದೆಯ ಮೇಲೆ ಬರುತ್ತದೆ, ಅದರ ಮೇಲೆ ನಿಜವಾದ ವಿಮಾನದ ಬಣ್ಣ, ಅಕ್ಷರ, ಕೊಳೆ, ತೇಪೆ ಎಲ್ಲವನ್ನೂ ಫೋಟೋ ನೋಡಿ ನೋಡಿ ತುಂಬಬೇಕು, ಇದರಿಂದ ನಿನಗೆ ಏನು ಸಿಗ್ತದೆ ಎಂದು ಎಲ್ಲರೂ ಕೇಳುತ್ತಾರೆ, ಏನೂ ಸಿಗುವುದಿಲ್ಲ, ಬ್ರೆಜಿಲಿನಲ್ಲಿ ಯಾರೋ ಹಾರಿಸಿ ಸೂಪರ್ ಬ್ರೋ ಎಂದು ಬರೆಯುತ್ತಾನೆ, ಅವಳು ಬ್ರೋ ಅಲ್ಲವೆಂದು ಗೊತ್ತಿರುವುದು ಮಾಣಿ ಊರಿನ ಅಶ್ರಫನಿಗೆ ಮಾತ್ರ, ಅವನೂ ಇಂಥದೇ ವಿಮಾನದ ಹುಚ್ಚಿನವನು. ಮೂಡಬಿದಿರೆಯ ತಾಯಿ ಮನೆಯ ಅಂಗಳದ ಮೇಲೆಯೇ ವಿಮಾನದ ದಾರಿ, ರೆಕ್ಕೆಯ ಅಡಿಯ ಅಕ್ಷರ ಓದಿ ಓದಿ ಇಂಗ್ಲಿಷ್ ಕಲಿತವಳು, ಮೇಲೆ ನೋಡಿಕೊಂಡು ನಡೆದರೆ ಬಾವಿಗೆ ಬೀಳ್ತೀಯ ಎಂದು ಅಮ್ಮ ಬೈಯುತ್ತಿದ್ದಳು, ಬಾವಿಗೆ ಬೀಳಲಿಲ್ಲ, ಮದುವೆಯಾಗಿ ಪೊಳಲಿಗೆ ಬಂದಳು. ಈ ಮಳೆಗಾಲಕ್ಕೆ ಬಂದ ಹೊಸ ವಿಮಾನದ ಬಾಲದ ಮೇಲೆ ಊರ ಕಡೆಯ ಸೀರೆಯ ಚೌಕುಳಿ ಬಿಡಿಸಿದ್ದಾರೆ, ಕೆಂಪು, ಅರಸಿನ, ಅಜ್ಜಿ ಉಡುತ್ತಿದ್ದಂಥದೇ, ಅದಕ್ಕೆ ಮೊದಲು ಬಣ್ಣ ಹಾಕುವವಳು ತಾನೇ ಆಗಬೇಕೆಂಬ ಹಟ, ತಾರಸಿಯಿಂದ ಎಷ್ಟು ಕಾದರೂ ಮೋಡ ಅಡ್ಡ, ಕೊನೆಗೆ ಅಶ್ರಫ್ ಜಿದ್ದಾದ ಅಣ್ಣನ ಮನೆಗೆ ಹೊರಟವನು ಬಜ್ಪೆ ನಿಲ್ದಾಣದ ಗಾಜಿನಾಚೆ ದುಬೈಯಿಂದ ಬಂದು ನಿಂತ ಅದನ್ನೇ ಕಂಡು ಫೋಟೋ ಹೊಡೆದಿದ್ದ, ಹೊಡೆದವನು ಮರೆತಿದ್ದ, ತಿಂಗಳು ಕಳೆದು ಊರಿಗೆ ಬಂದ ಮೇಲೆ ಇವತ್ತು ಬೆಳಿಗ್ಗೆ ಕಳಿಸಿದ್ದಾನೆ, ಅಕ್ಕಾ, ನಿಮ್ಮ ಚೌಕುಳಿ ಬಾಲ ಸಿಕ್ಕಿತು ಮಾರಾಯ್ರೆ, ಬಿಸಿಲು ಕೂಡ ಉಂಟು, ಜನ ಇಳಿಯುವಾಗ ತೆಗೆದದ್ದು, ಅವರನ್ನೆಲ್ಲ ನೀವು ಒರೆಸಿಕೊಳ್ಳಿ.

ಒರೆಸಿಕೊಳ್ಳಿ. ಅಶ್ರಫನಿಗೇನು ಗೊತ್ತು ಪಾಪ, ಫೋಟೋದ ದಿನಾಂಕ ನೋಡಿದಳು, ಅದೇ ದಿನ, ಅದೇ ಸಂಜೆ ಶೋಧನ್ ಫೋನ್ ಮಾಡಿದ್ದು, ಈ ಸಲ ಹೋಟೆಲಿನಲ್ಲಿ ಜನ ಇಲ್ಲ, ರಜೆ ಕೊಡ್ಲಿಲ್ಲ, ಓಣಂ ಕಳೀಲಿ, ಆಮೇಲೆ ನೋಡುವ — ಹಿಂದಿನಿಂದ ಮಳೆಯ ಸದ್ದು ಕೇಳಿತ್ತಲ್ಲ, ದುಬೈಯಲ್ಲೂ ಮಳೆಯಾ ಎಂದು ಕೇಳಿದ್ದಳಲ್ಲ, ಏಸಿಯ ಶಬ್ದ ಅದು ಎಂದಿದ್ದ, ಅವಳು ನಂಬಿದ್ದಳು, ವಿಮಾನದ ಎಂಜಿನ್ ಯಾವುದೆಂದು ಕಣ್ಣು ಮುಚ್ಚಿ ಹೇಳುವವಳು ಹೆಂಚಿನ ಮೇಲೆ ಬೀಳುವ ಆಟಿ ತಿಂಗಳ ಮಳೆಯನ್ನು ಏಸಿ ಎಂದು ನಂಬಿದಳು. ಯಾರ ಮನೆಯ ಹೆಂಚು? ಬೆಳ್ತಂಗಡಿಯ ಸುಪ್ರೀತಾಳದು, ಮತ್ತೆ ಯಾರದು, ಅವನ ತಂಗಿಯದು, ಮರುದಿನವೇ ಅತ್ತೆ ನೀಲಾವತಿ ಪತ್ರೊಡೆ ಕಟ್ಟಿಕೊಂಡು ಹೊರಟಿದ್ದರಲ್ಲ, ಸುಪ್ರೀತಾಳಿಗೆ ಜ್ವರ ಮಗಾ, ನಾಲ್ಕು ದಿನ ಇದ್ದು ಬರ್ತೇನೆ, ಕೆಸುವಿನೆಲೆ ಮುಟ್ಟಿದರೆ ಗಂಟಲು ತುರಿಸುತ್ತದೆಂದು ಸುಪ್ರೀತಾ ಮದುವೆಯ ಊಟದಲ್ಲೂ ಪತ್ರೊಡೆ ದೂರ ತಳ್ಳಿದವಳು, ಜ್ವರದ ಬಾಯಿಗೆ ಪತ್ರೊಡೆ ಯಾಕೆ ಎಂದು ಆವತ್ತು ತಲೆಗೆ ಹೊಳೆಯಲೇ ಇಲ್ಲ, ಅರೆದು ಕೊಟ್ಟವಳು ಸಾತ್ವಿಕಾಳೇ, ಹುಳಿ ಸಾಕಾ ಮಾಮಿ ಎಂದು ಕೇಳಿದವಳೂ ಅವಳೇ, ಸ್ವಲ್ಪ ಹೆಚ್ಚು ಇರ್ಲಿ ಎಂದಿದ್ದರು ಮಾಮಿ. ಹುಳಿ ಹೆಚ್ಚು ಬೇಕಾದದ್ದು ಈ ಮನೆಯಲ್ಲಿ ಒಬ್ಬನಿಗೇ.

ಅದೂ ಹೋಗಲಿ, ಆ ಗುಡಿಸುವ ದಿನ, ಅಯ್ಯೋ ಆ ಗುಡಿಸುವ ದಿನ, ನೆನೆದರೆ ಮೈಯೆಲ್ಲ ಉರಿಯುತ್ತದೆ, ಮನೆಯವರು ಪ್ರಯಾಣ ಹೊರಟ ಮೇಲೆ ಅವರು ಮುಟ್ಟುವ ತನಕ ಮನೆ ಗುಡಿಸಬಾರದು, ಶೋಧನ್ ಪ್ರತಿ ಸಲ ಹೊರಟಾಗಲೂ ಮಾಮಿ ಪೊರಕೆಯನ್ನು ಬಾಗಿಲ ಹಿಂದೆ ಅಡಗಿಸಿಡುತ್ತಾರೆ, ಆ ದಿನ ಬೆಳಿಗ್ಗೆ ಅವಳು ಪೊರಕೆ ಹುಡುಕಿದರೆ ಇಲ್ಲ, ಈಗ ಗುಡಿಸ್ಬೇಡ ಮಗಾ, ಮಧ್ಯಾಹ್ನ ಆಗ್ಲಿ, ಯಾಕೆ ಮಾಮಿ ಯಾರು ಹೊರಟದ್ದು, ಯಾರೂ ಇಲ್ಲ ಮಾರಾಯ್ತಿ, ಮಳೆಗೆ ನೆಲ ಒದ್ದೆಯಲ್ಲವಾ ಅದಕ್ಕೆ. ಮಾಮಿ ಬೆಳ್ತಂಗಡಿಯಿಂದ ವಾಪಸು ಬಂದ ಮಾರನೆಯ ದಿನ ಅದು, ಸ್ವಲ್ಪ ಹೊತ್ತು ಕಳೆದು ಮಾಮಿಯೇ ಬಂದು ಪಕ್ಕದಲ್ಲಿ ಕುಳಿತರು, ಮದುವೆಯಾದ ಮೇಲೆ ಮೊದಲ ಸಲ ಈ ಮೇಜಿನ ಹತ್ತಿರ ಕುಳಿತದ್ದು, ದುಬೈಗೆ ಹೋಗುವ ಬೆಳಿಗ್ಗೆಯ ವಿಮಾನ ನಿನ್ನ ಮೊಬೈಲಲ್ಲಿ ಕಾಣ್ತದಾ? ಕಾಣ್ತದೆ ಮಾಮಿ! ಎಷ್ಟು ಖುಷಿಯಾಗಿತ್ತು, ಹುಚ್ಚಿ, ಕೊನೆಗೂ ಈ ಹೆಂಗಸಿಗೆ ನನ್ನ ವಿಮಾನದ ಮೇಲೆ ಪ್ರೀತಿ ಬಂತು ಎಂದು ಎದೆ ಅರಳಿಸಿಕೊಂಡಳು, ನೋಡಿ ಇದು ಅರಬ್ಬಿ ಸಮುದ್ರ, ಈ ಹಳದಿ ಚುಕ್ಕೆ ವಿಮಾನ, ಈಗ ಮಸ್ಕತ್ ಬಳಿ ಬಂತು, ಈಗ ಇಳಿಯುತ್ತಾ ಉಂಟು, ಮಾಮಿ ಚುಕ್ಕೆಯನ್ನು ಬೆರಳಿನಿಂದ ಸವರಿದ್ದರು, ಸವರಿದ ಬೆರಳನ್ನು ಕಣ್ಣಿಗೆ ಒತ್ತಿಕೊಂಡಿದ್ದರು, ಮುಟ್ಟಿತು ಮಾಮಿ ಎಂದವಳು ಅವಳೇ, ಗಂಡ ಸುಖವಾಗಿ ಮುಟ್ಟಿದನೆಂದು ಅತ್ತೆಗೆ ವರದಿ ಒಪ್ಪಿಸಿದವಳು ಅವಳೇ, ಅವನು ಬಂದದ್ದು ಗೊತ್ತಿಲ್ಲದೆ ಹೋದದ್ದನ್ನು ಮಾತ್ರ ಪ್ರೀತಿಯಿಂದ ಕಾದು ಕಳಿಸಿಕೊಟ್ಟವಳು. ದೇವರು ದೊಡ್ಡವ ಎಂದು ಮಾಮಿ ಎದ್ದು ತಾವೇ ಪೊರಕೆ ತಂದು ಚಾವಡಿ ಪೂರ್ತಿ ಗುಡಿಸಿದರು.

ಬೇರೆ ಹೆಣ್ಣಿದ್ದಿದ್ದರೆ ಒಳ್ಳೆಯದಿತ್ತು. ಹೌದು, ಒಳ್ಳೆಯದಿತ್ತು, ಬೈಯಲು ಒಂದು ಹೆಸರು ಸಿಗುತ್ತಿತ್ತು, ಬೇರೆ ಹೆಣ್ಣಿದ್ದವನು ತಾಯಿಯನ್ನೂ ತಂಗಿಯನ್ನೂ ಸೇರಿಸಿಕೊಂಡು ಪತ್ರೊಡೆ ತಿನ್ನುತ್ತಾ ಕೂರುವುದಿಲ್ಲ, ಅವನಿಗೆ ಬೇಕಾಗಿದ್ದದ್ದು ಅವನ ಊರು, ಅವನ ಮಳೆ, ಅವನ ಅಮ್ಮ, ಅವಳೊಬ್ಬಳು ಇಲ್ಲದ ಒಂದು ರಜೆ, ಅಷ್ಟೇ, ಅಷ್ಟಕ್ಕೆ ಸ್ವಂತ ಊರಿಗೆ ಕಳ್ಳನ ಹಾಗೆ ಬಂದು ಹೋದ. ಹೋದ ಸಲದ ರಜೆಯಲ್ಲಿ ಇದೇ ಕೋಣೆ, ಅವನು ಮಂಚದ ಮೇಲೆ, ಅವಳು ಈ ಕುರ್ಚಿಯಲ್ಲಿ, ರೆಕ್ಕೆಯ ತುದಿಗೆ ಬಣ್ಣ ಹಾಕುತ್ತಿದ್ದಳು, ಅವನು ಹೇಳಿದ್ದ, ಮೇಲೆ ಹೋಗುವ ವಿಮಾನದ ನಂಬರ್ ನಿನಗೆ ಕಾಣ್ತದೆ, ಎದುರು ಕೂತ ಮನುಷ್ಯ ಕಾಣುವುದಿಲ್ಲ, ಒಂದು ನಿಮಿಷ ಇರಿ, ಇದೊಂದು ಗೆರೆ ಮುಗಿಸ್ತೇನೆ ಎಂದಿದ್ದಳು ಅವಳು, ಗೆರೆ ಮುಗಿಸಿ ತಿರುಗಿದಾಗ ಅವನು ಗೋಡೆಗೆ ಮುಖ ಮಾಡಿ ಮಲಗಿದ್ದ. ಆದರೆ ಶೋಧನ್, ನೀನು ಏನು ಮಾಡಿದೆ, ನೀನೂ ಮೊಬೈಲಿನೊಳಗೆ ಮುಖ ಇಟ್ಟುಕೊಂಡೇ ಇದ್ದೆಯಲ್ಲ, ದುಬೈಗೆ ಕರೆದುಕೊಂಡು ಹೋಗಿ ಎಂದಾಗಲೆಲ್ಲ ಅಲ್ಲಿ ಬಾಡಿಗೆ, ಅಲ್ಲಿ ಸೆಖೆ, ಅಲ್ಲಿ ನಿನಗೆ ಬೇಜಾರಾಗ್ತದೆ, ವರ್ಷವಿಡೀ ಅವಳು ಯಾರನ್ನು ನೋಡಬೇಕಿತ್ತು, ಆಕಾಶವಲ್ಲದೆ ಬೇರೆ ಏನು ಕೊಟ್ಟಿದ್ದ ಅವನು? ಬ್ಯಾಗಿನ ಮೇಲೆ ಕೊಕ್ಕರೆ ಬಿಡಿಸಿಕೊಟ್ಟದ್ದು ಅದೇ ರಜೆಯ ಕೊನೆಯ ದಿನ, ಅವಳು ತನ್ನ ಪ್ರತಿ ವಿಮಾನದ ಮೂಲೆಯಲ್ಲೂ ಅಡಗಿಸುವ ಸಹಿ ಅದು, ನೀನೂ ನನ್ನವನೇ ಎಂದು ಹೇಳಲು ಬಾಯಿ ಬರದೆ ಬಿಡಿಸಿದ್ದು, ಅವನು ಚಂದ ಉಂಟು ಎಂದಿದ್ದ.

ಚಾ ಕುಡಿ ಮಗಾ, ತಣಿಯುತ್ತದೆ, ಮಾಮಿ ಲೋಟ ಇಟ್ಟರು, ಊಟ ಕೂಡ ಸರಿ ಮಾಡ್ಲಿಲ್ಲ, ತಲೆನೋವಾ — ಅವಳು ಪರದೆಯನ್ನು ಅವರ ಕಡೆ ತಿರುಗಿಸಿದಳು, ಇದು ಯಾರು ಮಾಮಿ? ಮಾಮಿ ಬಗ್ಗಿದರು, ನೋಡಿದರು, ಕನ್ನಡಕ ಇಲ್ಲದೆ ನನಗೆ ಎಲ್ಲಿ ಕಾಣ್ತದೆ ಮಾರಾಯ್ತಿ, ಕನ್ನಡಕ ಅವರ ಮೂಗಿನ ಮೇಲೆಯೇ ಇತ್ತು, ಇಬ್ಬರಿಗೂ ಗೊತ್ತಿತ್ತು, ಮಾಮಿ ಸೆರಗಿನಿಂದ ಮೇಜಿನ ಮೇಲಿನ ಇಲ್ಲದ ಧೂಳು ಒರೆಸಿ ಒಳಗೆ ಹೋದರು. ಈಗ ಅಡಿಗೆಕೋಣೆಯಿಂದ ಫೋನಿನಲ್ಲಿ ಮಾಮಿಯ ಪಿಸುದನಿ, ಸುಪ್ರೀತಾ, ಅಣ್ಣನಿಗೆ ಹೇಳು, ಅವಳಿಗೆ ಗೊತ್ತಾಯಿತು, ಯಾರು ಹೇಳಿದ್ದೆಂದು ನನಗೇನು ಗೊತ್ತು, ಫೋಟೋ ಬಂದಿದೆ, ಅವನಿಗೆ ಈಗಲೇ ಫೋನ್ ಮಾಡು. ಮಾಡಲಿ. ಅವನು ಈಗ ಅವಳಿಗೆ ಫೋನ್ ಮಾಡುತ್ತಾನೆ, ಅವಳು ಎತ್ತುವುದಿಲ್ಲ, ಎತ್ತಿದರೆ ಹೇಗಿದ್ದೀ ಎಂದು ಕೇಳುತ್ತಾನೆ, ಇಷ್ಟು ವರ್ಷದ ಅಭ್ಯಾಸದಲ್ಲಿ ಅವಳ ಬಾಯಿ ಆರಾಮ ಎಂದುಬಿಡುತ್ತದೆ, ಆ ಒಂದು ಮಾತು ತನ್ನ ಬಾಯಿಂದ ಬರಬಾರದು.

ಒರೆಸಿಕೊಳ್ಳಿ ಎಂದಿದ್ದಾನೆ ಅಶ್ರಫ್, ಒರೆಸುತ್ತಾಳೆ, ಪಕ್ಕದ ಬಿಳಿಯನ್ನು ಎತ್ತಿ ಜನರ ಮೇಲೆ ಬಳಿಯುವುದು, ಕೈಗೆ ಪಳಗಿದ ಕೆಲಸ, ಮಗು ಎತ್ತಿಕೊಂಡ ಹೆಂಗಸು ಹೋದಳು, ಟೋಪಿಯ ಅಜ್ಜ ಹೋದ, ಮೆಟ್ಟಿಲು ಹೋಯಿತು, ಕೊನೆಗೆ ಅವನು, ಮೊದಲು ಶೂ, ಆಮೇಲೆ ಪ್ಯಾಂಟು, ಕೊಕ್ಕರೆಯ ಸೊಟ್ಟ ಕಾಲು, ಕೊಕ್ಕರೆ, ಹೆಗಲು, ಬಾಗಿದ ಕತ್ತು, ಎಷ್ಟು ಸುಲಭ, ಅವನಿಗೂ ಹೀಗೇ ಸುಲಭವಾಗಿತ್ತೇ ಅವಳನ್ನು ಒರೆಸುವುದು, ಮೇಜಿನ ಮೇಲೆ ಫೋನ್ ನಡುಗುತ್ತಿದೆ, ಶೋಧನ್, ಶೋಧನ್ ಎಂದು ಬೆಳಗುತ್ತಿದೆ, ನಡುಗಲಿ, ಅವನು ಹೋದ, ಪೂರ್ತಿ ಹೋದ, ಆದರೆ ಬಾಗಿಲ ಪಕ್ಕದ ಬಿಳಿಯ ಮೇಲೆ ಏನೋ ಉಳಿದಿದೆ, ಕೊಳೆಯೇ, ಹಿಗ್ಗಿಸಿದಳು, ಕೊಳೆಯಲ್ಲ, ಆ ದಿನದ ಬಿಸಿಲು ವಿಮಾನದ ಮೈಮೇಲೆ ಚೆಲ್ಲಿದ ಅವನ ನೆರಳು, ಒರೆಸಬೇಕು, ಒರೆಸದೆ ಬಿಟ್ಟರೆ ಬ್ರೆಜಿಲಿನವನು ಬರೆಯುತ್ತಾನೆ, ಬ್ರೋ, ಬಾಗಿಲ ಬಳಿ ಯಾರದೋ ನೆರಳು ಉಳಿದಿದೆ, ಯಾರದೋ ಅಲ್ಲ ಮಾರಾಯ, ಬೆರಳು ಮೌಸಿನ ಮೇಲಿದೆ, ಒತ್ತಬೇಕು, ಒತ್ತುವುದಿಲ್ಲ, ಫೋನ್ ನಿಂತಿತು, ಮತ್ತೆ ನಡುಗಿತು, ಮೆಟ್ಟಿಲಿಲ್ಲ, ಮನುಷ್ಯನಿಲ್ಲ, ಮುಚ್ಚಿದ ಬಿಳಿ, ಬಿಳಿಯ ಮೇಲೆ ನೆರಳು, ಕತ್ತು ಬಾಗಿಸಿದ ನೆರಳು, ಕತ್ತು ಬಾಗಿಸಿದ