ಅಲಾಯಿ ಮುಗಿದರೂ ಇಳಿಯದ ದನಿ

ಎಂಬತ್ತೆರಡನೇ ಇಸವಿ. ತಾವರಗೇರಾದಲ್ಲಿ ಮೊಹರಮ್ಮಿನ ಅಲಾಯಿ ಹಬ್ಬ ಮುಗಿದು, ದೇವರೆಂದು ಹೊರುವ ಲೋಹದ ಪಂಜಾಗಳು ಪೆಟ್ಟಿಗೆ ಸೇರಿದ್ದವು. ಹಬ್ಬಕ್ಕೆ ಬೆಂಕಿ ಹಾಕಿದ್ದ ಕುಣಿಯ ಬೂದಿಯೂ ಆರಿತ್ತು. ದೇವರು ಹೊತ್ತು ಮೈಮರೆತು ಕುಣಿದಿದ್ದ ಗಾದಿಲಿಂಗಪ್ಪ ಮರುದಿನವೇ ಎತ್ತು ಹೊಡೆದುಕೊಂಡು ಹೊಲಕ್ಕೆ ಹೋಗಿದ್ದ. ಆದರೆ ಪಿಂಜಾರ ಜಿಲಾನಸಾಬನ ಮಗ ಮಕ್ಬುಲಸಾಬ ಮಾತ್ರ ಇನ್ನೂ ಮೂಲೆಯಲ್ಲಿ ಕುಳಿತು, ಯಾರಿಗೂ ಕಾಣದವರ ಜೊತೆ ಮಾತಾಡುತ್ತಿದ್ದ.

ಊರಿಗೆ ಇದು ಪವಾಡವಾಗಿ ಕಂಡಿತು. ಅಲಾಯಿ ದೇವರಾದ ಪೀರ ಈ ಹುಡುಗನ ಮೈಯಲ್ಲೇ ನೆಲೆ ನಿಂತಿದ್ದಾನೆಂದು ಮಂದಿ ಸಕ್ಕರೆ, ಊದು ಹಿಡಿದು ಬಂದರು. ಕಳೆದ ಎಮ್ಮೆ ಎಲ್ಲಿದೆ ಎಂದು ಒಬ್ಬರು ಕೇಳಿದರೆ, ಬಸುರಿ ಮಗಳಿಗೆ ಗಂಡೋ ಹೆಣ್ಣೋ ಎಂದು ಇನ್ನೊಬ್ಬರು. ಅವನು ಏನೋ ಗೊಣಗುತ್ತಿದ್ದ. ಅವರು ತಮಗೆ ಬೇಕಾದ ಅರ್ಥ ಹಚ್ಚಿಕೊಂಡು ಎದ್ದು ಹೋಗುತ್ತಿದ್ದರು. ಎಮ್ಮೆ ತಾನಾಗಿಯೇ ಮನೆ ಸೇರಿದರೂ ಹೆಸರು ಇವನಿಗೇ. ಜಿಲಾನಸಾಬನಿಗೆ ಹೆಮ್ಮೆಯೋ ಹೆಮ್ಮೆ.

ತಾಯಿ ಹಜರತಬೀಗೆ ಒಳಗೊಳಗೇ ಪುಕುಪುಕು. ಅಲಾಯಿಗೆ ಎಷ್ಟೋ ಮೊದಲು, ಮುಂಗಾರು ಬಿತ್ತನೆಯ ಹೊತ್ತಿಗೇ, ಮಗ ಹತ್ತಿ ಹಿಂಜುವ ಬಿಲ್ಲು ಮುಟ್ಟುವುದನ್ನು ಬಿಟ್ಟಿದ್ದ. ಸ್ನಾನ ಬೇಡ, ಗೆಳೆಯರು ಬೇಡ. ಓಣಿಯವರೆಲ್ಲ ತನ್ನನ್ನೇ ಆಡಿಕೊಳ್ಳುತ್ತಾರೆ ಎನ್ನುತ್ತಿದ್ದ. ಈಗ ರೊಟ್ಟಿ ಬಡಿಸಿದರೆ ವಿಷ ಹಾಕಿದ್ದೀಯಾ ಎಂದು ಗಂಗಾಳ ಸರಿಸುತ್ತಾನೆ. ಹೆತ್ತವಳಿಗೆ ಇದಕ್ಕಿಂತ ಸಂಕಟ ಬೇಕೆ?

ಒಂದು ಬೆಳಿಗ್ಗೆ ಅವಳು ಕಸ ಗುಡಿಸುತ್ತಿದ್ದಾಗ ಮಗ ಗೋಡೆಯ ಕಡೆ ತಿರುಗಿ, "ಹೂನ್ರಿ, ಬಾವ್ಯಾಗ ಇಳೀತೀನ್ರಿ," ಎಂದ. ಅವಳು ಕಸಬರಿಗೆ ಅಲ್ಲೇ ಬಿಟ್ಟಳು. ಗಂಡನನ್ನು ಮಗನ ಹತ್ತಿರ ಕೂರಿಸಿ, ನೆರೆಮನೆಯ ಗಾದಿಲಿಂಗಪ್ಪನಲ್ಲಿಗೆ ಓಡಿದಳು.

ಗಾದಿಲಿಂಗಪ್ಪ ಬಂದು ಹುಡುಗನನ್ನು ಸಮಾಧಾನದಿಂದ ಮಾತಾಡಿಸಿದ. ಆಮೇಲೆ, ಇವತ್ತೇ ಧಾರವಾಡದ ಮಾನಸಿಕ ಆಸ್ಪತ್ರೆಗೆ ಹೋಗೋಣ ಎಂದ. ಅವನ ಹೆಂಡತಿಯ ತಮ್ಮ ಅಲ್ಲಿಯೇ ಚೇತರಿಸಿಕೊಂಡು ಬಂದಿದ್ದ. ಜಿಲಾನಸಾಬ ಸಿಡುಕಿದ. ದೇವರನ್ನು ಹುಚ್ಚು ಎಂದರೆ ಮನೆ ಉಳಿದೀತೇ, ಊರಲ್ಲಿ ಮುಖ ತೋರಿಸುವುದು ಹೇಗೆ ಎಂದ.

"ಮಾವಾ, ನಾ ದೇವರ ಹೊರಾಂವ," ಎಂದ ಗಾದಿಲಿಂಗಪ್ಪ. "ನನ್ನ ಮೈಮ್ಯಾಲಿ ಬಂದದ್ದು ಹಬ್ಬದ ಕೂಡ ಇಳೀತೈತಿ. ಮರುದಿನ ಉಣ್ತೀನಿ, ದುಡೀತೀನಿ. ಇವಂದು ಇಳದಿಲ್ಲ. ದೇವರು ಯಾರಿಗೂ ಬಾವಿ ಬೀಳು ಅನ್ನೂದಿಲ್ರಿ."

ದೇವರು ಹೊರುವವನೇ ಹೀಗೆಂದ ಮೇಲೆ ಜಿಲಾನಸಾಬ ರುಮಾಲು ಸುತ್ತಿಕೊಂಡು ಎದ್ದ. ಅವತ್ತೇ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಹಜರತಬೀ ಮಗನ ಕೈ ಬಿಡಲಿಲ್ಲ.

ಡಾಕ್ಟರು ಹುಡುಗನೊಬ್ಬನನ್ನೇ ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿದರು. ತಲೆಗೆ ಪೆಟ್ಟು, ಜ್ವರ, ಮೂರ್ಛೆ, ಕುಡಿತ, ಗಾಂಜಾ ಏನಾದರೂ ಉಂಟೇ ಎಂದು ವಿಚಾರಿಸಿದರು. ರಕ್ತ ಪರೀಕ್ಷೆಯೂ ಆಯಿತು. ಯಾವಾಗಿನಿಂದ ಹೀಗೆ ಎಂದು ಕೇಳಿದಾಗ ಜಿಲಾನಸಾಬ ಅಲಾಯಿಯಿಂದ ಎಂದುಬಿಟ್ಟ. ಹಜರತಬೀ ಸೆರಗು ಹಿಂಡುತ್ತ ನಿಂತಿದ್ದವಳು, ಇನ್ನು ಮುಚ್ಚಿಟ್ಟರೆ ಮಗ ಉಳಿಯುವುದಿಲ್ಲ ಎನಿಸಿ ಬಾಯಿ ಬಿಟ್ಟಳು.

"ಅಲ್ರಿ ಸಾಹೇಬ್ರ, ಬಿತ್ತಿಗಿ ಹೊತ್ತಿನಿಂದನ ಹಿಂಗ ಅದಾನ್ರಿ. ನಾನ ಯಾರಿಗೂ ಹೇಳಿದ್ದಿಲ್ಲ."

ಎಲ್ಲವನ್ನೂ ಹೇಳಿ ಅತ್ತಳು.

"ಛಲೋ ಮಾಡಿದ್ರಿ ಯವ್ವಾ," ಎಂದರು ಡಾಕ್ಟರು. "ಈ ಬ್ಯಾನಿ ರಕ್ತದಾಗ ಕಾಣೂದಿಲ್ಲ, ಎಕ್ಸರೇದಾಗ ಕಾಣೂದಿಲ್ಲ. ಮನಿಯವರು ಮೊದಲಿಂದ ಹೇಳಿದ್ರನ ನಮಗ ತಿಳೀತೈತಿ."

ಆಸ್ಪತ್ರೆಯಲ್ಲೇ ಇರಿಸಿಕೊಂಡು ನೋಡಿದ ಮೇಲೆ, ಇದು ಸ್ಕಿಜೋಫ್ರೇನಿಯಾ ಎಂದರು. ಇಲ್ಲದ ದನಿ ಕೇಳುವುದು, ಬುಡವಿಲ್ಲದ ಸಂಶಯ, ಎಲ್ಲರಿಂದ ದೂರ ಸರಿಯುವುದು, ಇವು ತಿಂಗಳುಗಟ್ಟಲೆ ಹೋಗದೇ ಇರುವುದು ಇದರ ಗುರುತು. ಯಾರ ಶಾಪವೂ ಅಲ್ಲ, ತಾಯಿಯ ತಪ್ಪೂ ಅಲ್ಲ. ಔಷಧ ಬೇಕು, ತಾಳ್ಮೆ ಬೇಕು, ಹಗುರಾಯಿತೆಂದು ತಾವೇ ಗುಳಿಗೆ ನಿಲ್ಲಿಸಬಾರದು ಎಂದು ತಿಳಿಸಿ ಹೇಳಿದರು.

ಮಗ ತಪ್ಪದೆ ಗುಳಿಗೆ ನುಂಗಿದ. ಮರುವರ್ಷ ಮತ್ತೆ ಅಲಾಯಿ ಬಂತು. ಸಕ್ಕರೆ ಹಿಡಿದು ಬಂದವರನ್ನು ಹಜರತಬೀ ಬಾಗಿಲಲ್ಲೇ ಕೂರಿಸಿ ನೀರು ಕೊಟ್ಟಳು. ಒಳಗಿನಿಂದ ಹತ್ತಿ ಹಿಂಜುವ ಬಿಲ್ಲಿನ ಸದ್ದು ಬರುತ್ತಿತ್ತು.

"ಅವ ಕೆಲಸದಾಗ ಅದಾನ್ರಿ," ಎಂದಳು. "ಗಾದಿ ತುಂಬಿಸೂದಿದ್ರ ಹತ್ತಿ ತರ್ರಿ."

ಓದುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲಿಯೂ ಒಬ್ಬರು ಹೀಗೆ ಮೂಲೆ ಹಿಡಿದಿದ್ದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಸಾಯುವ ಮಾತು ಬಂದರೆ ಒಬ್ಬರನ್ನೇ ಬಿಡದೆ ಅವತ್ತೇ ಹೊರಡಿ. ನಾಚಿಕೆಗೆ ಏನನ್ನೂ ಮುಚ್ಚಿಡಬೇಡಿ. ಆ ರೋಗ ಶುರುವಾದದ್ದನ್ನು ಕಂಡವರು ನೀವೇ, ಹೇಳಬೇಕಾದವರೂ ನೀವೇ.