ಕೈ ಹಚ್ಚಂಗಿಲ್ಲ

ಮಲ್ಕಾಜ್‌ಗಿರಿ ರೈಲು ನಿಲ್ದಾಣದ ಹೊರಗೆ, ಬೇವಿನ ಮರದ ಬುಡದಲ್ಲಿ ಸಾಬಣ್ಣನ ಪಂಕ್ಚರ್ ಅಂಗಡಿ. ಅಂಗಡಿ ಅನ್ನುವುದು ಮರ್ಯಾದೆಗೆ. ಇದ್ದದ್ದು ಒಂದು ತಗಡಿನ ಪೆಟ್ಟಿಗೆ, ಒಂದು ಪಂಪು, ನೀರು ತುಂಬಿದ ಒಂದು ಬೋಗುಣಿ. ಯಾದಗಿರಿ ಕಡೆಯಿಂದ ಈ ತೆಲುಗು ನಾಡಿಗೆ ಗಾರೆ ಕೆಲಸಕ್ಕೆ ಬಂದವನು ಎರಡನೇ ಮಹಡಿಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ, ಕೂತು ಮಾಡುವ ಕೆಲಸವೇ ಗತಿ ಎಂದು ಈ ಬೋಗುಣಿಯ ಮುಂದೆ ಕೂತ. ಅದಕ್ಕೀಗ ಮೂವತ್ತು ವರ್ಷ. ಟ್ಯೂಬನ್ನು ನೀರಲ್ಲಿ ಮುಳುಗಿಸುವ ಮೊದಲೇ ತೂತು ಎಲ್ಲಿದೆ ಅಂತ ಹೇಳುತ್ತಾನೆ ಎಂದು ರೈಲ್ವೆ ನೌಕರರು ತಮಾಷೆ ಮಾಡುತ್ತಿದ್ದರು. ತಮಾಷೆಯೇನಲ್ಲ, ನಿಜವಾಗಿಯೂ ಹೇಳುತ್ತಿದ್ದ.

ಇಂಥ ಸಾಬಣ್ಣನಿಗೆ ಒಂದೇ ಹಠ: ಮಗಳು ಭಾಗ್ಯಶ್ರೀಯ ಕೈಗೆ ಮಸಿ ಹತ್ತಬಾರದು. ಚಿಕ್ಕಂದಿನಲ್ಲಿ ಅವಳು ಟೈರು ಮುಟ್ಟಲು ಬಂದರೆ ಕೈಮೇಲೊಂದು ಕೊಡುತ್ತಿದ್ದ. "ಓದೂ ಕೈ ಅದು. ಇಲ್ಲಿ ಹಚ್ಚಬ್ಯಾಡ," ಎನ್ನುತ್ತಿದ್ದ. ಅಷ್ಟು ಪ್ರೀತಿ ಅವನಿಗೆ. ಆ ಪ್ರೀತಿಗೆ ನಾನು ಹೆಸರಿಡುವುದಿಲ್ಲ, ಆದರೆ ಅದು ಏನು ಮಾಡಿತು ಎಂಬುದನ್ನು ಹೇಳದೆ ಬಿಡುವುದೂ ಇಲ್ಲ.

ನಗರದ ಹೊರಗಿನ ಕೆರೆಯ ಬಳಿ ವರ್ಷಕ್ಕೊಮ್ಮೆ ಒಂದು ಪಂದ್ಯ ನಡೆಯುತ್ತದೆ. ಎರಡು ಕಿಲೋಮೀಟರ್ ಈಜಬೇಕು, ಒದ್ದೆ ಮೈಯಲ್ಲೇ ತೊಂಬತ್ತು ಕಿಲೋಮೀಟರ್ ಸೈಕಲ್ ಹೊಡೆಯಬೇಕು, ಇಳಿದವರು ಕೂರದೆ ಇಪ್ಪತ್ತೊಂದು ಕಿಲೋಮೀಟರ್ ಓಡಬೇಕು. ಒಂದೊಂದಕ್ಕೂ ಗಡುವು. ಯಾರೂ ಬಲವಂತ ಮಾಡದೆ ಮನುಷ್ಯರು ಇಷ್ಟೆಲ್ಲ ಮಾಡುತ್ತಾರೆ ಎಂಬುದನ್ನು ನಂಬಲು ಸಾಬಣ್ಣನಿಗೇ ಒಂದು ವರ್ಷ ಹಿಡಿಯಿತು. ಭಾಗ್ಯಶ್ರೀ ಮೊದಲ ವರ್ಷ ಈಜಿನಲ್ಲೇ ಸೋತಳು. ಎರಡನೇ ವರ್ಷ ಓಟದ ಕೊನೆಯಲ್ಲಿ ಆರು ನಿಮಿಷ ತಡವಾಯಿತು. ಇದು ಮೂರನೆಯದು, ಮತ್ತು ಕೊನೆಯದು. ಉಪ್ಪಲ್‌ನ ಒಂದು ಈಜುಕೊಳದಲ್ಲಿ ಅವಳು ಮಕ್ಕಳ ಟವೆಲ್ ಒಣಹಾಕುವ ಕೆಲಸಕ್ಕಿದ್ದಳು. ಪಂದ್ಯ ಮುಗಿಸಿದ ಪ್ರಮಾಣಪತ್ರ ತಂದರೆ ತರಬೇತುದಾರಳ ಜಾಗ ನಿನ್ನದು, ಈ ತಿಂಗಳೊಳಗೆ ತರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಯಜಮಾನರು ಖಡಾಖಂಡಿತವಾಗಿ ಹೇಳಿದ್ದರು.

ಹಿಂದಿನ ವಾರ ಅವಳು ಕೇಳಿದ್ದಳು, "ಅಪ್ಪಾ, ಪಂಕ್ಚರ್ ತೆಗಿಯೂದು ಒಮ್ಮೆ ತೋರ್ಸು. ದಾರ್ಯಾಗ ಆತಂದ್ರ?"

"ನಾ ಅದೀನಲ್ಲ."

"ನೀ ಅಲ್ಲಿ ಇರಂಗಿಲ್ಲಪ್ಪಾ."

"ಹೆಂಗ ಇರಂಗಿಲ್ಲ? ರಸ್ತೆ ಯಾರಪ್ಪಂದು?"

ಅವಳು ನಕ್ಕಳು. ಮಾತು ಅಲ್ಲಿಗೇ ನಿಂತಿತು. ಮೊಬೈಲಿನಲ್ಲಿ ಯಾರೋ ಪಂಕ್ಚರ್ ತೆಗೆಯುವ ವಿಡಿಯೋವನ್ನು ಎರಡು ಸಲ ನೋಡಿದಳಂತೆ. ಒಂದು ಟ್ಯೂಬು, ಟೈರು ಎತ್ತುವ ಪಟ್ಟಿ, ಪ್ಯಾಚು, ಅದನ್ನು ಅಂಟಿಸುವ ಸಲ್ಯೂಷನ್, ಅಂಗೈಯಷ್ಟು ಪಂಪು, ಎಲ್ಲವನ್ನೂ ಸಾಬಣ್ಣನೇ ಚೀಲಕ್ಕೆ ತುಂಬಿ ಸೀಟಿನ ಕೆಳಗೆ ಕಟ್ಟಿದ.

ಭಾನುವಾರ ಮೊದಲ ಬಸ್ಸು ಹಿಡಿದು, ಬಸ್ಸಿಳಿದು ನಡೆದು, ಸೈಕಲ್ ದಾರಿಯ ಎಪ್ಪತ್ತನೇ ಕಿಲೋಮೀಟರಿನ ತಿರುವಿನಲ್ಲಿ ಬಂದು ನಿಂತ. ಅಲ್ಲಿ ರಸ್ತೆಯ ಎರಡೂ ಬದಿ ಜಾಲಿ ಬೆಳೆದಿತ್ತು. ಪಂಕ್ಚರ್ ಆಗುವುದಾದರೆ ಇಲ್ಲೇ ಎಂದು ಅವನ ಲೆಕ್ಕ. ತಿರುವಿನಲ್ಲಿ ಕುರ್ಚಿ ಹಾಕಿಕೊಂಡು, ಕೊರಳಿಗೆ ಸೀಟಿ ತೂಗುಹಾಕಿಕೊಂಡು ಕೂತಿದ್ದವಳು ಹರ್ಷದಾ, ಪಂದ್ಯದ ನಿಯಮ ನೋಡಿಕೊಳ್ಳುವವಳು. ಇಬ್ಬರೂ ಹಿಂದಿಯಲ್ಲಿ ಮಾತಾಡಿದರು. ಮಗಳು ಬರುತ್ತಾಳೆಂದು ಸಾಬಣ್ಣ ಹೆಮ್ಮೆಯಿಂದ ಹೇಳಿದಾಗ ಅವಳು ಎಚ್ಚರಿಸಿದಳು: ಸ್ಪರ್ಧಿಗೆ ಹೊರಗಿನವರು ನೆರವಾದರೆ ಅಲ್ಲಿಗೇ ಪಂದ್ಯದಿಂದ ಹೊರಗೆ. "ಹಾಥ್ ನಹೀ ಲಗಾನಾ, ಚಾಚಾ." ಕೈ ಹಚ್ಚಂಗಿಲ್ಲ ಅಂತ. ಸಾಬಣ್ಣ ತಲೆಯಾಡಿಸಿ ನಕ್ಕ. ಇಂಥ ನಿಯಮಗಳೆಲ್ಲ ಕಾಗದದ ಮೇಲಷ್ಟೇ ಇರುತ್ತವೆ ಎಂದುಕೊಂಡ.

ಒಂಬತ್ತೂವರೆಗೆ ಭಾಗ್ಯಶ್ರೀ ಬಂದಳು. ಈಜನ್ನು ಚೆನ್ನಾಗಿ ಮುಗಿಸಿದ್ದಳು, ಸಮಯ ಕೈಯಲ್ಲಿತ್ತು. ಆದರೆ ಹಿಂದಿನ ಗಾಲಿ ನೆಲಕ್ಕೆ ಅಪ್ಪಳಿಸುವ ಸದ್ದು ಸಾಬಣ್ಣನಿಗೆ ಅವಳ ಮುಖಕ್ಕಿಂತ ಮೊದಲು ತಲುಪಿತು. ಅವಳು ಇಳಿದು ಅವನ ಕಡೆಗೇ ಸೈಕಲ್ ತಂದಳು. ಅವನ ಕೈ ಆಗಲೇ ಮುಂದೆ ಚಾಚಿತ್ತು.

ಹರ್ಷದಾ ಸೀಟಿ ಊದಿದಳು. "ಚಾಚಾ!"

"ಮುಟ್ಟಬ್ಯಾಡಪ್ಪಾ," ಎಂದಳು ಭಾಗ್ಯಶ್ರೀ. "ನಾನೇ ಮಾಡ್ಬೇಕು."

ಸೈಕಲ್ಲಿನ ಗಡುವು ಹನ್ನೊಂದು ಗಂಟೆ. ಉಳಿದ ಇಪ್ಪತ್ತು ಕಿಲೋಮೀಟರಿಗೆ ಮುಕ್ಕಾಲು ಗಂಟೆ ಬೇಕು. ಅಂದರೆ ಹತ್ತೂಕಾಲಿಗೆ ಅವಳು ಇಲ್ಲಿಂದ ಹೊರಡಲೇಬೇಕು. ಸಾಬಣ್ಣನಿಗೆ ಅಷ್ಟು ಹೊತ್ತಿನಲ್ಲಿ ಐದು ಸೈಕಲ್ ಆಗುತ್ತಿದ್ದವು.

ಅವಳು ಟೈರು ಬಿಚ್ಚಿದಳು. ಪಟ್ಟಿ ಎರಡು ಸಲ ಜಾರಿ ಬೆರಳ ಗೆಣ್ಣು ಸುಲಿಯಿತು. ಹಳೆ ಟ್ಯೂಬು ಎಳೆದು ಹೊಸದನ್ನು ಕೈಗೆತ್ತಿಕೊಂಡಳು. ಟೈರಿನ ಒಳಗೆ ಅವಳು ಬೆರಳಾಡಿಸಿರಲಿಲ್ಲ! ಚುಚ್ಚಿದ ಮುಳ್ಳು ಅಲ್ಲೇ ಇರುತ್ತದೆ; ಹೊಸ ಟ್ಯೂಬಿಗೂ ಅದೇ ಗತಿ. ಅವನ ಕಸುಬಿನ ಮೊದಲ ಪಾಠ ಅದು. ಆ ಪಾಠವನ್ನು ಅವಳಿಗೆ ಹೇಳಿಕೊಟ್ಟವರು ಯಾರು?

ಸಾಬಣ್ಣ ಥಟ್ಟನೆ ಫೋನು ತೆಗೆದು ಕಿವಿಗಿಟ್ಟ. ಆ ಕಡೆ ಯಾರೂ ಇರಲಿಲ್ಲ.

"ಏ ಸಾಬಮ್ಮ," ಎಂದು ಹೆಂಡತಿಯ ಹೆಸರು ಹಿಡಿದು ಗಟ್ಟಿಯಾಗಿ ಶುರುಮಾಡಿದ, "ನಾ ಹೇಳೂದು ಕೇಳಾಕತ್ತೀಯಿಲ್ಲ? ಮೊದಲ ಒಳಗ ಬೆರಳ..."

"ಫೋನ್ ಇಡ್ರಿ ಕಾಕಾ," ಎಂದಳು ಹರ್ಷದಾ. ಹಿಂದಿಯಲ್ಲಲ್ಲ. "ನಮ್ದು ಬೀದರ್ ಐತ್ರಿ. ನನಗೂ ಕನ್ನಡ ಬರ್ತೈತಿ. ಇನ್ನೊಂದು ಮಾತಾಡಿದ್ರ ಅಕಿ ಹೆಸರು ಈಗಲೇ ಹೊಡದ ಹಾಕಬೇಕಾಗ್ತೈತಿ."

ಮೂವತ್ತು ವರ್ಷ ಈ ಊರಲ್ಲಿ ಯಾರಾದರೂ ತನ್ನ ಊರಿನ ಮಾತಾಡಿದರೆ ಅವನು ಎದ್ದು ನಿಂತು ಚಹಾ ತರಿಸುತ್ತಿದ್ದ. ಇಂದು ಮೊದಲ ಬಾರಿ ಕನ್ನಡ ಕೇಳಿ ಅವನ ಜೀವ ಹೋಯಿತು.

"ಮೇಡಂ, ನಿಮ್ಮ ಕಾಲಿಗೆ ಬೀಳ್ತೀನ್ರಿ. ಒಂದ ಮಾತು."

"ಬ್ಯಾಡ್ರಿ," ಎಂದಳು ಹರ್ಷದಾ, ಅವನ ಮುಖ ನೋಡದೆ. "ಮುಂದ ಹೋದವರು ಎಲ್ಲಾರೂ ತಾವೇ ಮಾಡಿಕೊಂಡ ಹೋಗ್ಯಾರ."

ಭಾಗ್ಯಶ್ರೀಯ ಕಿವಿಗೆ ಇದ್ಯಾವುದೂ ಬಿದ್ದಂತಿರಲಿಲ್ಲ. ಸಣ್ಣ ಪಂಪನ್ನು ಮುನ್ನೂರು ಸಲವಾದರೂ ಒತ್ತಿದಳು. ಗಾಲಿ ತುಂಬಿತು. ಹತ್ತಿ ಕೂತಳು. ಇಪ್ಪತ್ತು ಗಜ ಹೋಗಿ ನಿಂತಳು; ಗಾಲಿಯ ಗಾಳಿ ಮತ್ತೆ ಇಳಿದಿತ್ತು. ತಿರುಗಿ ಬಂದಾಗ ಅಪ್ಪನನ್ನು ನೋಡಿದಳು, ಕೇಳುವ ಕಣ್ಣಲ್ಲಿ. ಸಾಬಣ್ಣ ಎರಡೂ ಕೈಯನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡು ನೆಲ ನೋಡಿದ. ಅವಳ ಕಣ್ಣು ನೋಡಿದರೆ ಬಾಯಿ ತಾನಾಗಿಯೇ ತೆರೆಯುತ್ತದೆಂದು ಅವನಿಗೆ ಗೊತ್ತಿತ್ತು.

ಇನ್ನು ಪ್ಯಾಚೇ ಗತಿ. ತೂತು ಹುಡುಕಲು ಹತ್ತು ನಿಮಿಷ ಹೋಯಿತು. ಸಲ್ಯೂಷನ್ ಹಚ್ಚಿದವಳು ಒಣಗಲು ಬಿಡದೆ ಪ್ಯಾಚು ಒತ್ತಿದಳು. ಅದು ಜಾರಿತು. ಮತ್ತೊಂದು ಹಚ್ಚಿದಳು. ಹತ್ತೂಕಾಲು ಯಾವಾಗ ದಾಟಿತೋ, ಅವಳು ಗಡಿಯಾರ ನೋಡಲಿಲ್ಲ. ಕೈಯೆಲ್ಲ ಕಪ್ಪಾಗಿತ್ತು. ಅದೇ ಮಸಿ. ಹಣೆ ಒರೆಸಿಕೊಂಡಾಗ ಅದು ಮುಖಕ್ಕೂ ಹತ್ತಿತು.

ಹತ್ತೂವರೆಗೆ, ಇನ್ನು ಗಡುವು ಮುಟ್ಟಲಾರದೆ ಹಿಂದುಳಿದವರನ್ನು ತುಂಬಿಕೊಳ್ಳುವ ವ್ಯಾನು ಬಂದು ನಿಂತಿತು. ಹರ್ಷದಾ ಎದ್ದು ಬಂದು ಮಂಡಿಯೂರಿ, ಭಾಗ್ಯಶ್ರೀಯ ಕಾಲಿಗೆ ಕಟ್ಟಿದ್ದ, ಸಮಯ ಅಳೆಯುವ ಪಟ್ಟಿಯನ್ನು ಬಿಚ್ಚಿಕೊಂಡಳು. ಅದನ್ನು ಸುತ್ತಿ ಜೇಬಿಗಿಟ್ಟುಕೊಂಡಳು. ಆಮೇಲೆ ಹೇಳಿದಳು, "ಈಗ ಕೈ ಹಚ್ಚಬಹುದ್ರಿ ಕಾಕಾ."

ಸಾಬಣ್ಣ ಕೂತ. ಏಕೆ ಕೂತೆ ಎಂದು ಅವನಿಗೇ ಗೊತ್ತಿರಲಿಲ್ಲ. ಟೈರು ಬಿಚ್ಚಿದ, ಒಳಗೆ ಬೆರಳಾಡಿಸಿದ, ಅಕ್ಕಿಕಾಳಿನಷ್ಟು ಜಾಲಿ ಮುಳ್ಳನ್ನು ಉಗುರಿನಿಂದ ಕಿತ್ತ. ಟ್ಯೂಬು ಉಜ್ಜಿದ, ಸಲ್ಯೂಷನ್ ಹಚ್ಚಿ ಊದಿ ಒಣಗಿಸಿದ, ಪ್ಯಾಚು ಒತ್ತಿದ, ಟೈರು ಕೂರಿಸಿ ಗಾಳಿ ಹೊಡೆದ. ಭಾಗ್ಯಶ್ರೀ ರಸ್ತೆಯಂಚಿನಲ್ಲಿ ಕೂತು ಒಂದೊಂದನ್ನೂ ನೋಡಿದಳು.

"ಎಷ್ಟು ಹೊತ್ತಾತ್ರಿ?" ಎಂದು ಹರ್ಷದಾಳನ್ನು ಕೇಳಿದಳು.

"ಎಂಟು ನಿಮಿಷ."

ಭಾಗ್ಯಶ್ರೀ ತಲೆಯಾಡಿಸಿದಳು. ಬೈದಿದ್ದರೆ, ಅತ್ತಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವಳು ಮುಳ್ಳನ್ನು ಅವನ ಅಂಗೈಯಿಂದ ತೆಗೆದುಕೊಂಡು ನೋಡಿ, ಮತ್ತೆ ಅಲ್ಲೇ ಇಟ್ಟಳು. "ಇಷ್ಟೇ ಏನಪ್ಪಾ?" ಎಂದಳು. ಎದ್ದು ವ್ಯಾನು ಹತ್ತಿದಳು.

ವ್ಯಾನಿನ ಮೇಲೆ ಸೈಕಲ್ಲಿಗೆ ಜಾಗವಿರಲಿಲ್ಲ. ನಾನು ತರುತ್ತೇನೆ ಎಂದ ಸಾಬಣ್ಣ. ವ್ಯಾನು ಹೋದ ಮೇಲೆ ಹಿಡಿಕೆ ಹಿಡಿದು ನಡೆಯತೊಡಗಿದ. ಹತ್ತಿ ಕೂರಲು ಮನಸ್ಸು ಬರಲಿಲ್ಲ. ಬಿಸಿಲು ನೆತ್ತಿಗೇರುತ್ತಿತ್ತು. ಅಭ್ಯಾಸಬಲದಿಂದ ಒಂದೊಂದು ಮೈಲಿಗೊಮ್ಮೆ ನಿಂತು, ಬಗ್ಗಿ, ಹಿಂದಿನ ಗಾಲಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದ. ಗಾಳಿ ಒಂಚೂರೂ ಇಳಿದಿರಲಿಲ್ಲ.