ದೋಣಿಯ ಕೊನೇ ಮೂಲೆ

ಸೋಮಣ್ಣ ದೋಣಿಗೆ ಹೊದಿಸಿದ್ದ ಟಾರ್ಪಾಲನ್ನು ಬಿಚ್ಚಿ ಎಳೆಯುತ್ತಿದ್ದ. ಅಂಗಳದಲ್ಲಿ ಅವನ ಅಣ್ಣ ಚಿನ್ನಸ್ವಾಮಿಯ ಶವವನ್ನು ಕೂರಿಸಿ ಹಣೆಗೆ ವಿಭೂತಿ ಬಳಿದಿದ್ದರು. ಗೆಟ್ಟವಾಡಿಯ ಕಡೆಯಿಂದ ಮೋಡ ಏರುತ್ತಿತ್ತು.

“ಬ್ಯಾಡ ಕಣಪ್ಪ, ದೋಣಿ ಕೊನೇ ಮೂಲ ಇನ್ನೂ ಮುಚ್ಚಿಲ್ಲ,” ಅಂದಳು ಚಿನ್ನಸ್ವಾಮಿಯ ಹೆಂಡತಿ ಮಹಾಲಿಂಗಮ್ಮ.

“ಅಣ್ಣ ನೆಂದ್ರ ಸರಿಯಾ, ದೋಣಿ ನೆಂದ್ರ ಸರಿಯಾ? ನೀನೇ ಯೋಳು, ಅತ್ಗ.”

ಟಾರ್ಪಾಲು ಶವದ ಮೇಲೆ ಚಪ್ಪರವಾಯಿತು.

“ಸಮುದ್ರ ಇಲ್ದ ಊರ್ಗ ದೋಣಿ ತಂದ ಪುಣ್ಯಾತ್ಮ,” ಅಂದ ಪಕ್ಕದ ಮನೆಯ ಬೀರೇಶ. “ದಿಂಬಂ ಚೆಕ್‌ಪೋಸ್ಟಲ್ಲಿ ಪೊಲೀಸ್ನೋರು ಒಳಗ ಗಂಧದ ಮರ ಅದ ಅಂತ ತಟ್ಟಿ ತಟ್ಟಿ ನೋಡ್ಬುಟ್ರು. ಇವ್ನೇನಂದ ಗೊತ್ತಾ? ‘ಸಾರ್, ಎಲ್ಲೆಲ್ಲಿ ಬೊದ್ದು ಸದ್ದು ಬತ್ತದ, ಅಲ್ಲೊಂದ್ ಗೀಟಾಕ್ಬುಡಿ. ಒಳಗ ಮರ ಕೊಳ್ತಿರದು ಎಲ್ಲಿ ಅಂತ ನಂಗೂ ಗೊತ್ತಾಯ್ತದ.’”

ಅಳುತ್ತಿದ್ದವರೂ ನಕ್ಕರು. ಸತ್ತವನ ಅಕ್ಕ ಗುರುಲಿಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

*

ಚಿನ್ನಸ್ವಾಮಿ ಬಹಳ ವರ್ಷ ಕೊಚ್ಚಿಯ ದೋಣಿ ಕಾರ್ಖಾನೆಯೊಂದರಲ್ಲಿದ್ದ. ಅದು ಮುಚ್ಚಿದಾಗ, ಯಾರಿಗೂ ಬೇಡವಾದ ಈ ಹಾಯಿದೋಣಿಯನ್ನು ಕೋಸು ಇಳಿಸಿ ವಾಪಸಾಗುತ್ತಿದ್ದ ಲಾರಿಯಲ್ಲಿ ಹೇರಿಕೊಂಡು ಬಂದ. ದೋಣಿಯ ಡೆಕ್ಕೆಂದರೆ ಮೇಲೊಂದು, ಕೆಳಗೊಂದು ಫೈಬರ್ ಹಾಳೆ, ನಡುವೆ ಮರ. ಆ ಮರ ಕೊಳೆತುಹೋಗಿತ್ತು. ಮೇಲಿನ ಹಾಳೆ ಕೊಯ್ದು, ಕೊಳೆತದ್ದನ್ನು ಉಳಿಯಿಂದ ಕೆರೆದು, ಹೊಸ ಮರ ಕೂರಿಸಿ, ಅದೇ ಹಾಳೆಯನ್ನು ಮತ್ತೆ ಅಂಟಿಸಬೇಕು. ಬೇಸಿಗೆಗೆ ಒಂದೊಂದು ಭಾಗ ಮುಗಿಯುತ್ತಿತ್ತು. ಅಂಟಿನ ಡಬ್ಬಿ ಹಿಡಿಯುವುದು ಮಹಾಲಿಂಗಮ್ಮನ ಕೆಲಸ.

“ಬಿರ್ನ ಬಳೀಬೇಕು ಕಣಮ್ಮಿ, ಗಟ್ಟಿಯಾಗ್ಬುಟ್ರ ಮುಗೀತು. ಮರಕ್ಕ ನೀರು ಸೇರುದ್ರ ಪೂರಾ ಮತ್ತ ಕೊಳೀತದ.”

“ಇದ್ರಲ್ಲಿ ನನ್ನ ಎಲ್ಲಿಗ ಕರ್ಕೊಂಡೋಗದು? ನಮ್ಮ ಕೆರಗಾ?”

“ಕೊಚ್ಚಿಗ. ಸಮುದ್ರ ತೋರುಸ್ತೀನಿ.”

“ನಂಗ ಈಜು ಬರದಿಲ್ಲ.”

“ದೋಣಿಗ ಬತ್ತದಲ್ಲ!”

*

ಟಾರ್ಪಾಲಿನ ಮೇಲೆ ಮೊದಲ ಹನಿ ಬಿದ್ದ ಸದ್ದಾಯಿತು. ಮಹಾಲಿಂಗಮ್ಮ ಶವದ ಪಕ್ಕದಿಂದ ಎದ್ದಳು.

“ಎತ್ತಗವ್ವ ಹೊಂಟೆ? ಬಳ ಒಡೆಯೋ ಹೊತ್ತು,” ಅಂದಳು ಗುರುಲಿಂಗಮ್ಮ.

“ಈಗ ಬತ್ತೀನಿ ಇರಕ್ಕ.”

ಅಟ್ಟದಿಂದ ಅಂಟಿನ ಡಬ್ಬಿಗಳನ್ನು ಇಳಿಸಿದಳು. ಮೋಡ ನೋಡಿ, ಅಂಟನ್ನು ಗಟ್ಟಿಮಾಡುವ ದ್ರವವನ್ನು ಒಂದಿಷ್ಟು ಹೆಚ್ಚೇ ಬಿಟ್ಟು ಕಲಸಿದಳು. ದೋಣಿಯ ತೆರೆದ ಮೂಲೆಯಲ್ಲಿ ಗಂಡ ಕೂರಿಸಿಟ್ಟಿದ್ದ ಹೊಸ ಮರಕ್ಕೆ ಬಳಿದು, ಕೊಯ್ದ ಹಾಳೆಯನ್ನು ಅದರ ಜಾಗಕ್ಕೆ ಒತ್ತಿ, ಸಂದಿಯುದ್ದಕ್ಕೂ ಗಾಜಿನ ನಾರಿನ ಪಟ್ಟಿ ಹಾಸಿದಳು.

ಬೈಯಲೆಂದು ಬಂದ ಸೋಮಣ್ಣ ಅದನ್ನು ನೋಡಿ ಹೆಗಲ ಮೇಲಿನ ದುಪ್ಪಟಿಯನ್ನು ಬಿಡಿಸಿ ಅವಳ ಕೈಗಳ ಮೇಲೆ ಮರೆಯಾಗಿ ಹಿಡಿದ.

“ಆಯ್ತಾ ಅತ್ಗ?”

“ಇನ್ನೊಂಚೂರು. ಅಳ್ಳಾಡುಸ್ಬ್ಯಾಡ ಕಣ.”

ಕೊನೆಯ ಮೂಲೆಯನ್ನು ಒತ್ತುವಾಗ ಅವಳ ಬಳೆಯೊಂದು ಅಂಟಿಗೆ ಕಚ್ಚಿಕೊಂಡಿತು. ಎಳೆದಳು, ಬರಲಿಲ್ಲ. ಬೆರಳುಗಳನ್ನು ಕೂಡಿಸಿ, ನಿಧಾನವಾಗಿ, ಬಳೆಯಿಂದ ಕೈಯನ್ನು ಬಿಡಿಸಿಕೊಂಡಳು. ಬಳೆ ಅಂಟಿನ ಮೇಲೆ ಅಡ್ಡ ಮಲಗಿತು.

ಅಂಟು ಬಿಗಿಯುವವರೆಗೂ ಸೋಮಣ್ಣ ದುಪ್ಪಟಿ ಇಳಿಸಲಿಲ್ಲ.

ಮಳೆ ಜೋರಾದಾಗ ಅವಳು ಚಪ್ಪರದಡಿ ಗಂಡನ ಪಕ್ಕ ಕುಳಿತಿದ್ದಳು. ಗುರುಲಿಂಗಮ್ಮ ಬಳೆಗಳನ್ನು ಒಡೆಯುತ್ತ ಎಡಗೈಯನ್ನು ತಿರುವಿ ನೋಡಿದಳು.

“ಇದ್ರಲ್ಲೊಂದು ಕಮ್ಮಿ ಅದಲ್ಲವ್ವ?”

ಮಹಾಲಿಂಗಮ್ಮ ದೋಣಿಯತ್ತ ನೋಡಿದಳು. ದೋಣಿಯ ಮೇಲೆ ಬಿದ್ದ ನೀರು ಎಲ್ಲೂ ಇಂಗದೆ ಜಾರಿ ಹೋಗುತ್ತಿತ್ತು. ಮೂಲೆಯಲ್ಲಿ ಮಾತ್ರ, ಹಸಿರು ಬಳೆಯೊಳಗೆ ಒಂದು ಗುಟುಕು ನೀರು ನಿಂತು ಅಲೆಯಾಡುತ್ತಿತ್ತು.